ಬಿದ್ದು ಸಿಕ್ಕ ಮರದ ತುಂಡು ಅಕ್ವೇರಿಯಂಗೆ ಇಳಿಯುವ ಮುನ್ನ

ನಾನು ಹೊರಗಿನಿಂದ ಎತ್ತಿಕೊಂಡು ಬಂದು ಟ್ಯಾಂಕಿಗೆ ಹಾಕಿದ ಮೊದಲ ಕೊಂಬೆ ನೋಡೋಕೆ ಜಿಂಕೆಯ ಕೊಂಬಿನ ಹಾಗೇ ಇತ್ತು. ಎರಡು ಕವಲು, ನಡುವೆ ಒಂದು ಗಂಟು, ಮೇಲೆ ಒರಟು ತೊಗಟೆ. ಒಂದು ಗಂಟೆ ಕುದಿಸಿದೆ, ತೊಳೆದೆ, ಹಾಕಿದೆ. ಎಲ್ಲ ಸರಿಯಾಗೇ ಮಾಡಿದ್ದೇನೆ ಅಂದುಕೊಂಡಿದ್ದೆ. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ನೀರಿಗೆ ಹಾಲು ಬೆರೆಸಿದ ಹಾಗೆ ಮಬ್ಬು. ಟೆಟ್ರಾ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ಎರಡು ಆಗಲೇ ತಳ ಸೇರಿದ್ದವು. ಕೊಂಬೆಯನ್ನು ಹೊರಗೆ ಎಳೆದು ತೊಗಟೆಯ ಅಂಚನ್ನು ಉಗುರಿನಿಂದ ಕೆರೆದೆ. ಅಡಿಯಲ್ಲಿ ತೆಳ್ಳಗೆ ಹಸಿರು ಪದರ ಕಂಡಿತು.

ಅಂದರೆ ಅದು ಒಣಗಿದ ಮರವೇ ಅಲ್ಲ. ಹಸಿ ಕೊಂಬೆಯ ಸೊನೆಯಲ್ಲಿ ಸಕ್ಕರೆ ಇರುತ್ತದೆ. ಆ ಸಕ್ಕರೆ ನೀರಿಗೆ ಇಳಿಯಿತು. ಅದನ್ನು ತಿನ್ನಲು ಬ್ಯಾಕ್ಟೀರಿಯಾ ಒಂದೇ ಸಮನೆ ಹೆಚ್ಚಿದವು. ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಅವೇ ಉಸಿರಾಡಿ ಮುಗಿಸಿದವು. ಮೀನಿಗೆ ವಿಷವೇನೂ ತಾಗಿರಲಿಲ್ಲ, ಉಸಿರು ಕಟ್ಟಿತ್ತು ಅಷ್ಟೇ.

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. "ಎಷ್ಟು ಹೊತ್ತು ಕುದಿಸಬೇಕು?" ಅಂತ ಎಲ್ಲರೂ ಕೇಳುತ್ತಾರೆ. ಅದು ಎರಡನೇ ಪ್ರಶ್ನೆ. ಮರ ಯಾವುದು, ಎಲ್ಲಿ ಬಿದ್ದಿತ್ತು, ಪೂರ್ತಿ ಒಣಗಿದೆಯಾ ಅನ್ನುವುದು ಮೊದಲನೆಯದು. ಕುದಿಸಿದರೆ ಹುಳ, ಮೊಟ್ಟೆ, ಶಿಲೀಂಧ್ರ, ಹೆಚ್ಚಿನ ಬ್ಯಾಕ್ಟೀರಿಯಾ ಸಾಯುತ್ತವೆ. ಒಗರು ಸ್ವಲ್ಪ ಬಿಡುತ್ತದೆ, ಮರದೊಳಗಿನ ಗಾಳಿ ಹೊರಗೆ ಬರುತ್ತದೆ. ಆದರೆ ಕೀಟನಾಶಕ, ಸೀಸ, ತಾಮ್ರ, ಎಂಜಿನ್ ಎಣ್ಣೆ, ಮರದ್ದೇ ವಿಷ, ಇವನ್ನೆಲ್ಲ ಕುದಿಸಿ ತೆಗೆಯೋಕೆ ಆಗುವುದಿಲ್ಲ. ಕೆಟ್ಟ ಮರ ಎಷ್ಟು ಕುದಿಸಿದರೂ ಕೆಟ್ಟ ಮರವೇ.

ಎಲ್ಲಿ ಬಿದ್ದಿದ್ದನ್ನು ಎತ್ತಬಹುದು?

ನನಗೆ ತುಂಬಾ ಇಷ್ಟವಾಗುವುದು ಹೊಳೆ ಅಥವಾ ಕೆರೆಯ ದಂಡೆಯಲ್ಲಿ ಸಿಗುವ ತುಂಡು. ನೀರಿನಲ್ಲಿ ತಿಂಗಳುಗಟ್ಟಲೆ ಉರುಳಾಡಿ ತೊಗಟೆ ಉದುರಿಹೋಗಿರುತ್ತದೆ. ಮೆತ್ತಗಿನ ಭಾಗ ಕೊಳೆತು, ಗಟ್ಟಿ ಭಾಗ ಮಾತ್ರ ಉಳಿದಿರುತ್ತದೆ. ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿ, ಕೈಯಾಡಿಸಿದರೆ ನುಣ್ಣಗಿರುತ್ತದೆ. ನಮ್ಮ ಅರ್ಧ ಕೆಲಸ ಹೊಳೆಯೇ ಮಾಡಿಟ್ಟಿರುತ್ತದೆ.

ಆದರೆ ಎತ್ತುವ ಮೊದಲು ನೀರು ಹರಿದು ಬರುವ ಕಡೆಗೊಮ್ಮೆ ಕಣ್ಣು ಹಾಯಿಸಿ. ಮೇಲುಗಡೆ ಕಾರ್ಖಾನೆ, ಗಣಿ, ಚರಂಡಿ ಬಂದು ಸೇರುವ ಜಾಗ, ಔಷಧಿ ಹೊಡೆಯುವ ಹೊಲ ಏನಾದರೂ ಇದೆಯಾ? ಇದ್ದರೆ ಆ ತುಂಡು ಎಷ್ಟೇ ಚೆಂದ ಇದ್ದರೂ ಅಲ್ಲೇ ಇರಲಿ. ಮರ ಸ್ಪಂಜಿನ ಹಾಗೆ. ವರ್ಷವಿಡೀ ಹೀರಿದ್ದನ್ನು ನಿಮ್ಮ ಟ್ಯಾಂಕಿನಲ್ಲಿ ನಿಧಾನವಾಗಿ ಬಿಡುತ್ತದೆ. ದೋಣಿ ನಿಲ್ಲಿಸುವ ಜಾಗ, ದೊಡ್ಡ ರಸ್ತೆಯ ಅಂಚು, ಗ್ಯಾರೇಜಿನ ಹಿಂಭಾಗ ಕೂಡ ಬೇಡ.

ಸಮುದ್ರದ ದಂಡೆಯ ಮರ ತರಬಹುದು, ಆದರೆ ಕೆಲಸ ಜಾಸ್ತಿ. ಒಳಗಿನವರೆಗೂ ಉಪ್ಪು ಕೂತಿರುತ್ತದೆ. ಅದನ್ನು ವಾರಗಟ್ಟಲೆ ಸಿಹಿನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಹೋಗಬೇಕು. ನೀರಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಊಹೆ ಮಾಡಬೇಕಾಗಿಲ್ಲ. ಹೊಸ ನೀರು ತುಂಬಿದಾಗ ಒಂದು ಸಲ, ಮಾರನೇ ದಿನ ಅದೇ ಹೊತ್ತಿಗೆ ಇನ್ನೊಂದು ಸಲ ಅಳೆಯಿರಿ. ಎರಡರ ನಡುವಿನ ಅಂತರ ಹೆಚ್ಚುಕಡಿಮೆ ಇಲ್ಲವಾಗುವವರೆಗೆ ಉಪ್ಪು ಇನ್ನೂ ಬರುತ್ತಿದೆ ಅಂತಲೇ ಅರ್ಥ.

ರಕ್ಷಿತ ಅರಣ್ಯ, ರಾಷ್ಟ್ರೀಯ ಉದ್ಯಾನದಂಥ ಜಾಗದಲ್ಲಿ ಒಣ ಕಡ್ಡಿ ಎತ್ತುವುದಕ್ಕೂ ಅನುಮತಿ ಇರುವುದಿಲ್ಲ. ಖಾಸಗಿ ಜಾಗವಾದರೆ ಯಜಮಾನರನ್ನು ಒಂದು ಮಾತು ಕೇಳಿ.

ಬಳಸಿ ಬಿಸಾಕಿದ ಮರ, ಅಂದರೆ ಹಳೆ ಕಿಟಕಿ ಚೌಕಟ್ಟು, ಪೆಟ್ಟಿಗೆ, ಬೇಲಿ ಕಂಬ, ರೈಲು ಹಳಿಯ ಕೆಳಗಿನ ದಿಮ್ಮಿ, ಇವು ಬೇಡವೇ ಬೇಡ. ಹೊರಗಡೆ ಬಳಸುವ ಮರ ಕೊಳೆಯಬಾರದು ಅಂತ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ದ್ರಾವಣವನ್ನು ಒತ್ತಡ ಹಾಕಿ ಒಳಗೆ ಇಳಿಸುವ ಪದ್ಧತಿ ಇದೆ. ಹಳಿಯ ದಿಮ್ಮಿಗೆ ಕ್ರಿಯೊಸೋಟ್ ಎಂಬ ಡಾಂಬರು ಎಣ್ಣೆ ಹಾಕುತ್ತಾರೆ. ತಾಮ್ರ ತುಂಬಾ ಕಡಿಮೆ ಪ್ರಮಾಣದಲ್ಲಿದ್ದರೂ ಸೀಗಡಿ, ಬಸವನಹುಳಗಳು ಸಾಯುತ್ತವೆ.

ಎತ್ತುವಾಗ ಇನ್ನೊಂದು ಮಾತು. ಮೊದಲು ಕಾಲಲ್ಲಿ ಉರುಳಿಸಿ, ಆಮೇಲೆ ಕೈ ಹಾಕಿ. ಚೇಳು, ಜರಿ, ಹಾವು, ಎಲ್ಲರಿಗೂ ಅದೇ ಮನೆ.

ಯಾವ ಮರ?

ಗಟ್ಟಿ ಮರ ಬೇಕು. ಓಕ್, ಬೀಚ್, ಸೇಬಿನ ಮರ, ಸೀಬೆ ಮರ, ಹಿಪ್ಪುನೇರಳೆ, ಇವುಗಳ ಒಣಗಿದ ಕೊಂಬೆಯನ್ನು ಅಕ್ವೇರಿಯಂ ಇಟ್ಟುಕೊಂಡವರು ಬಹಳ ಕಾಲದಿಂದ ಬಳಸುತ್ತಿದ್ದಾರೆ. ನೋಡೋಕೆ ಎಲ್ಲಕ್ಕಿಂತ ಚೆನ್ನಾಗಿರುವುದು ಬೇರಿನ ಭಾಗ. ಕೊಂಬೆ ನೇರ ಹೋಗುತ್ತದೆ, ಬೇರು ಮಾತ್ರ ಕಲ್ಲು ಮಣ್ಣು ಸುತ್ತಿಕೊಂಡು ಹೋಗಿ ತಿರುಚಿಕೊಂಡಿರುತ್ತದೆ.

ಬೇಡದ ಪಟ್ಟಿ ಇದಕ್ಕಿಂತ ಮುಖ್ಯ. ಪೈನ್, ದೇವದಾರು ಥರದ ಸೂಜಿ ಎಲೆಯ ಮರಗಳಲ್ಲಿ ರಾಳ ತುಂಬಿರುತ್ತದೆ, ಜೊತೆಗೆ ನೀರಲ್ಲಿ ಬೇಗ ಮೆತ್ತಗಾಗುತ್ತವೆ. ನೀಲಗಿರಿ, ಕರ್ಪೂರದ ಮರದಲ್ಲಿ ಎಣ್ಣೆ ಇದೆ. ಬೇವು ಹುಳ ಹುಪ್ಪಟೆ ಓಡಿಸುವ ಮರ, ಅದನ್ನು ಸೀಗಡಿ ಇರುವ ನೀರಿಗೆ ಹಾಕುವ ಧೈರ್ಯ ನನಗಿಲ್ಲ. ಮುರಿದರೆ ಹಾಲು ಸೋರುವ ಕಳ್ಳಿಯ ಜಾತಿ ಯಾವುದೂ ಬೇಡ. ಗೇರು ಮರದ ಸೊನೆ ಮನುಷ್ಯರ ಚರ್ಮವನ್ನೇ ಸುಡುತ್ತದೆ, ಮೀನಿನ ಮಾತು ಬಿಡಿ.

ಕಣಗಿಲೆಯ ವಿಷಯ ಮಾತ್ರ ಬೇರೆಯಾಗಿ ಹೇಳಬೇಕು. ಅದರ ಎಲೆ, ಹೂವು, ತೊಗಟೆ, ಕಟ್ಟಿಗೆ, ಬೇರು ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ವಿಷ ಇದೆ. ಒಣಗಿದರೂ ಅದು ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಸುಟ್ಟರೆ ಹೊಗೆಯೂ ಕೆಟ್ಟದ್ದು. ಒಣಗಿದ ಕಣಗಿಲೆ ಬುಡ ಬೂದು ಬಣ್ಣದ, ಕವಲು ಕವಲಾದ, ನೋಡೋಕೆ ಮುದ್ದಾದ ತುಂಡು. ಅದೇ ಅಪಾಯ. ಯೂ ಎಂಬ ಸೂಜಿ ಎಲೆಯ ಮರವೂ ಇಷ್ಟೇ ವಿಷದ್ದು.

ಮರ ಯಾವುದು ಅಂತ ಗೊತ್ತೇ ಆಗದಿದ್ದರೆ? ಹೊಳೆಯಲ್ಲಿ ತೇಲಿ ಬಂದಿದ್ದಕ್ಕೆ ಹೆಸರು ಹೇಳುವುದು ಕಷ್ಟ, ನಿಜ. ಆಗ ಮೂಗು, ಉಗುರು, ಕಣ್ಣು, ಮೂರನ್ನೂ ಬಳಸುತ್ತೇನೆ. ಒಂದು ತುದಿಯನ್ನು ಗರಗಸದಲ್ಲಿ ಬೆರಳಷ್ಟು ಕೊಯ್ದು, ಕೊಯ್ದ ಮುಖಕ್ಕೆ ಬಿಸಿನೀರು ಹನಿಸಿ ಮೂಸುತ್ತೇನೆ. ಸುಮ್ನೆ ಒದ್ದೆ ಕಟ್ಟಿಗೆಯ ವಾಸನೆ ಬಂದರೆ ಮುಂದಿನ ಪರೀಕ್ಷೆ. ಔಷಧಿ, ಎಣ್ಣೆ, ಟರ್ಪೆಂಟೈನ್, ಸೀಮೆಎಣ್ಣೆ, ಸುಗಂಧ, ಏನೇ ಬಂದರೂ ಹೊರಗೆ. ಒಳ್ಳೆ ವಾಸನೆಯೂ ಇಲ್ಲಿ ಕೆಟ್ಟ ಲಕ್ಷಣವೇ. ಹಾಗಾದರೂ ಹೆಸರು ಗೊತ್ತಿಲ್ಲದ ಮರ, ಅದರಲ್ಲೂ ಹಿತ್ತಲಲ್ಲಿ ಅಥವಾ ಪಾರ್ಕಿನಲ್ಲಿ ಸಿಕ್ಕಿದ್ದು, ಬಿಟ್ಟುಬಿಡುವುದೇ ಲೇಸು. ಮೂಗಿಗೆ ಸಿಗದ ವಿಷಗಳೂ ಇವೆ. ಕಣಗಿಲೆಯ ಕಟ್ಟಿಗೆಗೇ ಹೇಳಿಕೊಳ್ಳುವಂಥ ವಾಸನೆ ಇಲ್ಲ.

ಒಣಗಿದೆಯಾ, ಕೊಳೆತಿದೆಯಾ

ಮರದ ಹಲಗೆ ನೆರಳಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕು ಅನ್ನುವುದು ಬಡಗಿಗಳ ಹಳೆ ಲೆಕ್ಕ. ಕೊಂಬೆಗೂ ಇದನ್ನೇ ಅಂದಾಜಾಗಿ ಇಟ್ಟುಕೊಳ್ಳಬಹುದು. ಮೂರು ಇಂಚು ದಪ್ಪದ ಹಸಿ ಕೊಂಬೆ ಕಡಿದು ತಂದು ಮುಂದಿನ ತಿಂಗಳು ಟ್ಯಾಂಕಿಗೆ ಹಾಕುವ ಯೋಚನೆ ಇದ್ದರೆ ಕೈಬಿಡಿ.

ಸಂಶಯ ಇದ್ದರೆ ತೂಕ ಮಾಡಿ. ಇವತ್ತು ತೂಗಿ ತುಂಡಿನ ಮೇಲೇ ಸೀಸದಕಡ್ಡಿಯಲ್ಲಿ ಬರೆದಿಡಿ. ವಾರಕ್ಕೊಮ್ಮೆ ಮತ್ತೆ ತೂಗಿ. ತೂಕ ಇಳಿಯುತ್ತಿರುವಷ್ಟು ದಿನ ಅದು ಇನ್ನೂ ಒಣಗುತ್ತಿದೆ. ಮೂರು ನಾಲ್ಕು ವಾರ ಒಂದೇ ತೂಕ ನಿಂತರೆ ಸರಿ. ತೂಕದ ಯಂತ್ರ ಇಲ್ಲದಿದ್ದರೆ ಕಿವಿ ಇದೆ. ಇನ್ನೊಂದು ಒಣ ಕಟ್ಟಿಗೆಯಿಂದ ಬಡಿದರೆ "ಟಣ್" ಅಂತ ಕೇಳಬೇಕು. "ದಬ್" ಅಂದರೆ ಒಳಗೆ ಇನ್ನೂ ಹಸಿ ಇದೆ, ಇಲ್ಲವೇ ಪೊಳ್ಳಾಗಿದೆ.

ಕೊಳೆತ ಭಾಗ ಹುಡುಕಲು ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಅಲ್ಲಲ್ಲಿ ಒತ್ತುತ್ತಾ ಹೋಗಿ. ಗಟ್ಟಿ ಮರದ ಮೇಲೆ ಬರೀ ಗೀರು ಬೀಳುತ್ತದೆ. ಕೊಳೆತಿದ್ದರೆ ಸಲೀಸಾಗಿ ಒಳಗೆ ಇಳಿಯುತ್ತದೆ, ಎಬ್ಬಿದರೆ ಎಳೆಯೆಳೆಯಾಗಿ ಎದ್ದು ಬರದೆ ಚೂರು ಚೂರಾಗಿ ಪುಡಿಯಾಗುತ್ತದೆ. ಹೊರಗಿನ ಬಿಳಿ ಭಾಗ ಮಾತ್ರ ಕೊಳೆತು ಒಳಗಿನ ಚೇಗು ಗಟ್ಟಿ ಇದ್ದರೆ ಭಾಗ್ಯ ಅನ್ನಿ. ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದ ಮೇಲೆ ಉಳಿಯುವ ಚೇಗಿನ ಆಕಾರ ಕೆಲವೊಮ್ಮೆ ಮೊದಲಿಗಿಂತ ಚೆನ್ನಾಗಿರುತ್ತದೆ. ಮಧ್ಯದವರೆಗೂ ಮೆತ್ತಗಿದ್ದರೆ ಒಲೆಗೆ.

ಗೆದ್ದಲು ತಿಂದ ಸುರಂಗಗಳು ಇರುವುದು ದೋಷವಲ್ಲ. ಒಳಗಿನ ಮಣ್ಣನ್ನು ಪೂರ್ತಿ ತೆಗೆಯಬೇಕು, ಅಷ್ಟೇ.

ತೊಗಟೆ ಸುಲಿದು ಉಜ್ಜುವ ಕೆಲಸ

ತೊಗಟೆಯನ್ನು ಒಂದು ಚೂರೂ ಬಿಡದೆ ತೆಗೆಯಿರಿ. ನೀರಲ್ಲಿ ಅದು ಮೊದಲು ಉಬ್ಬಿ, ಆಮೇಲೆ ಸಡಿಲವಾಗಿ, ತುಂಡು ತುಂಡಾಗಿ ಕಳಚಿ ಫಿಲ್ಟರ್ ಕಟ್ಟಿಸುತ್ತದೆ. ಅದರ ಅಡಿಯಲ್ಲೇ ಕೊಳೆಯುವುದು ಶುರುವಾಗುತ್ತದೆ. ಒಣಗಿದಾಗ ಬಿಡದಿದ್ದರೆ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಮೊಂಡು ಚಾಕುವಿನ ಬೆನ್ನಿನಿಂದ ಎಬ್ಬಿ. ಹರಿತ ಚಾಕು ಬೇಡ, ಅದು ಮರಕ್ಕೂ ಬೀಳುತ್ತದೆ, ಕೈಗೂ ಬೀಳುತ್ತದೆ.

ಆಮೇಲೆ ಗಟ್ಟಿ ಬ್ರಷ್. ನಾರಿನ ಬ್ರಷ್ ಆದರೆ ಒಳ್ಳೆಯದು. ತಂತಿ ಬ್ರಷ್ಷೇ ಬೇಕಾದರೆ ಸ್ಟೇನ್‌ಲೆಸ್ ಸ್ಟೀಲಿನದ್ದು ತೆಗೆದುಕೊಳ್ಳಿ. ಹಿತ್ತಾಳೆ ತಂತಿಯ ಬ್ರಷ್ ಬೇಡ, ಹಿತ್ತಾಳೆಯಲ್ಲೂ ತಾಮ್ರವೇ ಇರುವುದು. ಸಂದಿಗೊಂದಿಗೆ ಹಳೆ ಹಲ್ಲುಜ್ಜುವ ಬ್ರಷ್. ಹಾವಸೆ, ಕಲ್ಲುಹೂವು, ಅಣಬೆ ಎಲ್ಲ ಹೋಗಬೇಕು. ಒಣ ಮರ ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಬೂಷ್ಟು ಪುಡಿ, ಮರದ ಪುಡಿ ಎರಡೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಸೋಪು, ಪಾತ್ರೆ ತೊಳೆಯುವ ದ್ರವ, ಬಟ್ಟೆ ಪುಡಿ ಯಾವುದನ್ನೂ ಮುಟ್ಟಿಸಬೇಡಿ. ಮರದ ರಂಧ್ರಕ್ಕೆ ಹೋದ ಸೋಪನ್ನು ಎಷ್ಟು ತೊಳೆದರೂ ಹೊರಗೆ ತರೋಕಾಗಲ್ಲ. ಕಿವಿರುಗಳ ತೆಳು ಪೊರೆಗೆ ಅದು ಹಾನಿ ಮಾಡುತ್ತದೆ.

ಹೊಳೆಯಿಂದ ತಂದ ತುಂಡಿನಲ್ಲಿ ಗಾಳದ ಕೊಕ್ಕೆ, ನೈಲಾನ್ ದಾರ, ಸೀಸದ ಗುಂಡು ಸಿಕ್ಕಿಕೊಂಡಿರುತ್ತವೆ. ಮೊಳೆಯೂ ಇರಬಹುದು. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ.

ಕೊನೆಗೆ ಹಳೆ ನೈಲಾನ್ ಕಾಲುಚೀಲ ಒಂದನ್ನು ಕೈಗೆ ಹಾಕಿಕೊಂಡು ಇಡೀ ತುಂಡಿನ ಮೇಲೆ ಸವರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಬೆಟ್ಟಾ ಮೀನಿನ ರೆಕ್ಕೆಯೂ ಸಿಕ್ಕಿ ಹರಿಯುತ್ತದೆ. ಆ ಜಾಗಕ್ಕೆ ಮರಳು ಕಾಗದ ಹಿಡಿಯಿರಿ. ಉಬ್ಬುಗಣ್ಣಿನ ಗೋಲ್ಡ್‌ಫಿಶ್ ಇದ್ದರೆ ಚೂಪು ಕವಲು ಯಾವುದನ್ನೂ ಉಳಿಸಬೇಡಿ. ರಂಧ್ರಗಳನ್ನೂ ನೋಡಿಕೊಳ್ಳಿ. ಮೀನು ಆರಾಮಾಗಿ ಹಾದುಹೋಗುವಷ್ಟು ದೊಡ್ಡದಿರಬೇಕು, ಇಲ್ಲವೇ ತಲೆಯೇ ಹೋಗದಷ್ಟು ಸಣ್ಣದಿರಬೇಕು. ನಡುವಿನ ಅಳತೆಯ ರಂಧ್ರಕ್ಕೆ ಪ್ಲೀಕೊ ಮೀನು ನುಗ್ಗಿ, ಹಿಂದಕ್ಕೆ ಬರಲಾಗದೆ ಅಲ್ಲೇ ಸಾಯುತ್ತದೆ. ಅದರ ರೆಕ್ಕೆಯ ಮುಳ್ಳುಗಳು ಬಿಚ್ಚಿಕೊಂಡು ಗೂಟದ ಹಾಗೆ ಕೂತುಬಿಡುತ್ತವೆ.

ಕುದಿಸುವುದು

ಅಡುಗೆಗೆ ಮತ್ತೆ ಬಳಸದ ಹಳೆ ಪಾತ್ರೆ ಒಂದು ಇಟ್ಟುಕೊಳ್ಳಿ. ತುಂಡು ಪೂರ್ತಿ ಮುಳುಗುವಷ್ಟು ದೊಡ್ಡದಾಗಿರಬೇಕು. ತೇಲಿದರೆ ಮೇಲೆ ಒಂದು ಭಾರ ಇಡಿ. ಹೊಳೆಯಲ್ಲಿ ಸಿಕ್ಕ ಕಲ್ಲನ್ನು ಮಾತ್ರ ಇಡಬೇಡಿ. ಒಳಗೆ ನೀರು ಸೇರಿರುವ ಕಲ್ಲು ಬಿಸಿಗೆ ಸಿಡಿಯಬಹುದು. ಲೋಹದ ತಟ್ಟೆ, ಸ್ಟೀಲ್ ಡಬ್ಬಿ ಸಾಕು.

ತಣ್ಣೀರಿನಲ್ಲಿ ಇಟ್ಟು ನಿಧಾನವಾಗಿ ಕಾಯಿಸಿ. ನೀರು ಕೊತಕೊತ ಅನ್ನಲು ಶುರುವಾದ ಮೇಲೆ ಬೆರಳು ದಪ್ಪದ ಕವಲುಗಳಿಗೆ ಅರ್ಧ ಗಂಟೆ, ಮಣಿಕಟ್ಟು ದಪ್ಪದ್ದಕ್ಕೆ ಒಂದರಿಂದ ಎರಡು ಗಂಟೆ. ನೀರು ಕಡಿಮೆಯಾದರೆ ಕುದಿಯುವ ನೀರನ್ನೇ ಸೇರಿಸಿ. ಮೊದಲ ನೀರು ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ, ಮೇಲೆ ನೊರೆ ಕಟ್ಟುತ್ತದೆ. ಅದನ್ನು ಚೆಲ್ಲಿ, ಹೊಸ ನೀರಲ್ಲಿ ಇನ್ನೊಂದು ಸಲ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆ ಪದರ ಕಂಡರೆ ಅಲ್ಲಿಗೇ ನಿಲ್ಲಿಸಿ, ತುಂಡನ್ನು ಬಿಸಾಕಿ.

ಇಲ್ಲಿ ಹೆಚ್ಚಿನವರು ಮಾಡುವ ಒಂದು ತಪ್ಪಿದೆ. ಕುದಿಸಿದ ತಕ್ಷಣ ಮರವನ್ನು ಹೊರಗೆ ತೆಗೆದು ಆರಲು ಇಡುತ್ತಾರೆ. ಹಾಗೆ ಮಾಡಬೇಡಿ. ಒಲೆ ಆರಿಸಿ, ಅದೇ ನೀರಲ್ಲಿ ಮುಳುಗಿದ್ದ ಹಾಗೇ ರಾತ್ರಿಯಿಡೀ ಬಿಡಿ. ಬಿಸಿಗೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಗೆ ಹೋಗಿರುತ್ತದೆ. ತಣ್ಣಗಾಗುವಾಗ ಉಳಿದ ಗಾಳಿ ಮತ್ತು ಆವಿ ಕುಗ್ಗುತ್ತವೆ, ಆ ಖಾಲಿ ಜಾಗಕ್ಕೆ ಸುತ್ತಲಿನ ನೀರು ಎಳೆದುಕೊಂಡು ಹೋಗುತ್ತದೆ. ಹೊರಗಿಟ್ಟರೆ ನೀರಿನ ಬದಲು ಗಾಳಿಯೇ ವಾಪಸ್ ಒಳಗೆ ಹೋಗುತ್ತದೆ. ಎರಡು ಸಲ ಹೀಗೆ ಕಾಯಿಸಿ ಆರಿಸಿದರೆ ಎಷ್ಟೋ ತುಂಡುಗಳು ವಾರಗಟ್ಟಲೆ ನೆನೆಸದೇ ಮುಳುಗುತ್ತವೆ.

ಇಡೀ ದಿನ ಕುದಿಸುವುದೂ ತಪ್ಪು. ಜಾಸ್ತಿ ಕುದಿಸಿದರೆ ಮರದ ನಾರು ಸಡಿಲವಾಗುತ್ತದೆ, ಟ್ಯಾಂಕಿನಲ್ಲಿ ಬೇಗ ಮೆತ್ತಗಾಗುತ್ತದೆ.

ಪ್ರೆಶರ್ ಕುಕ್ಕರ್‌ನಲ್ಲಿ ಹಾಕಿದರೆ ಬೇಗ ಆಗುತ್ತೆ ಅಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಬಿಡಿಸಿಕೊಂಡ ಚಕ್ಕೆ ಆವಿ ಹೋಗುವ ರಂಧ್ರಕ್ಕೆ ಸಿಕ್ಕಿಕೊಂಡರೆ ಕುಕ್ಕರ್ ಸಿಡಿಯಬಹುದು. ಮೈಕ್ರೋವೇವ್‌ನಲ್ಲಿ ಮರ ಒಳಗಿನಿಂದ ಸುಟ್ಟು ಹೊತ್ತಿಕೊಳ್ಳಬಹುದು. ಓವನ್ ಕೂಡ ಕಣ್ಣು ತಪ್ಪಿದರೆ ಬೆಂಕಿಯೇ, ನಾನಂತೂ ಬಳಸುವುದಿಲ್ಲ. ಕುದಿಸುವಾಗ ಕಿಟಕಿ ತೆರೆದಿರಲಿ. ಹಬೆಯಲ್ಲಿ ಕಣ್ಣು ಉರಿದರೆ, ತಲೆ ನೋವು ಬಂದರೆ ಒಲೆ ಆರಿಸಿ ಹೊರಗೆ ಬನ್ನಿ. ಆ ಮರ ನಿಮಗೇ ಆಗದು ಅಂದರೆ ಮೀನಿಗೂ ಆಗದು.

ಪಾತ್ರೆಗೆ ಹಿಡಿಸದ ದೊಡ್ಡ ಬುಡವಾದರೆ ಒಂದು ತುದಿ ಒಂದು ಸಲ, ಇನ್ನೊಂದು ತುದಿ ಇನ್ನೊಂದು ಸಲ ಕುದಿಸಬಹುದು. ಅದೂ ಆಗದಿದ್ದರೆ ದಪ್ಪ ಡ್ರಮ್ಮಿನಲ್ಲಿ ಇಟ್ಟು ಕುದಿಯುವ ನೀರು ಸುರಿದು ಮುಚ್ಚಿಡಿ, ಆರಿದ ಮೇಲೆ ತಿರುಗಿಸಿ ಮತ್ತೆ ಸುರಿಯಿರಿ. ನಾಲ್ಕೈದು ಸಲ. ಪೂರ್ತಿ ಕುದಿಸಿದಷ್ಟು ಖಾತ್ರಿ ಇಲ್ಲದ ಕಾರಣ ಇಂಥ ತುಂಡನ್ನು ಜಾಸ್ತಿ ದಿನ ನೆನೆಸಬೇಕು.

ಬ್ಲೀಚ್ ಹಾಕಬಹುದಾ ಅನ್ನುವುದು ಇನ್ನೊಂದು ಪ್ರಶ್ನೆ. ಕಲ್ಲಿಗೆ, ಗಾಜಿಗೆ ಸರಿ. ಮರ ಅದನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ನನಗೆ ಇಷ್ಟವಿಲ್ಲ. ಬ್ಲೀಚಿಗೆ ವಿನೆಗರ್ ಅಥವಾ ಬೇರೆ ಆಮ್ಲ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಆ ಪ್ರಯೋಗವಂತೂ ಬೇಡವೇ ಬೇಡ. ಬೂಷ್ಟು ಹಿಡಿದ ಮೂಲೆಗೆ ಏನಾದರೂ ಹಚ್ಚಲೇಬೇಕು ಅಂದರೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ. ಅದು ಒಡೆದು ನೀರು ಮತ್ತು ಆಮ್ಲಜನಕ ಆಗಿಬಿಡುತ್ತದೆ.

ನೆನೆಸುವ ವಾರಗಳು

ಈಗ ಬಕೆಟ್ಟು, ತಾಳ್ಮೆ. ಮೊದಲ ವಾರ ದಿನಾ ನೀರು ಬದಲಿಸಿ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ. ಎರಡರಿಂದ ನಾಲ್ಕು ವಾರ ಸಾಮಾನ್ಯ. ದಪ್ಪ ಬುಡಕ್ಕೆ ತಿಂಗಳುಗಳೇ ಹಿಡಿಯಬಹುದು.

ಕಂದು ಬಣ್ಣ ಬರುವುದು ಟ್ಯಾನಿನ್‌ನಿಂದ. ತೊಗಟೆ ಅಗಿದರೆ ನಾಲಿಗೆಗೆ ಒಗರು ಅನಿಸುತ್ತದಲ್ಲ, ಅದೇ ವಸ್ತು. ಮೀನಿಗೆ ಇದರಿಂದ ತೊಂದರೆ ಇಲ್ಲ. ಅಮೆಜಾನ್ ಸೀಮೆಯ ರಿಯೊ ನೀಗ್ರೊ ನದಿಯ ನೀರೇ ಹಾಲು ಹಾಕದ ಚಹಾದ ಬಣ್ಣ. ಕಾರ್ಡಿನಲ್ ಟೆಟ್ರಾಗಳ ಊರು ಅದು. ಬೆಟ್ಟಾಗಳೂ ಇಂಥ ನೀರಲ್ಲಿ ಲವಲವಿಕೆಯಿಂದ ಇರುತ್ತವೆ. ಆದ್ದರಿಂದ ನೀರು ಕನ್ನಡಿಯ ಹಾಗೆ ತಿಳಿಯಾಗುವವರೆಗೆ ಕಾಯಬೇಕಾಗಿಲ್ಲ. ಬಣ್ಣ ನಿಮಗೆ ಇಷ್ಟವಿಲ್ಲದಿದ್ದರೆ ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಡಿ, ಎಳೆದುಕೊಳ್ಳುತ್ತದೆ.

ಟ್ಯಾನಿನ್ ನೀರನ್ನು ಸ್ವಲ್ಪ ಹುಳಿಯ ಕಡೆ ತಿರುಗಿಸುತ್ತದೆ. ಎಷ್ಟು ಅನ್ನುವುದು ನಿಮ್ಮ ನೀರಿನ ಮೇಲೆ ನಿಂತಿದೆ. ಕೆಎಚ್, ಅಂದರೆ ಹುಳಿಯನ್ನು ತಡೆಯುವ ಕಾರ್ಬೊನೇಟ್ ಅಂಶ, ಜಾಸ್ತಿ ಇರುವ ಗಡಸು ನೀರಲ್ಲಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಅಲುಗಾಡುವುದೇ ಇಲ್ಲ ಅನ್ನಬಹುದು. ಕೆಎಚ್ 3 ಡಿಗ್ರಿಗಿಂತ ಕಡಿಮೆ ಇರುವ ಮೆದು ನೀರಲ್ಲಿ ಇಳಿತ ಕಾಣುತ್ತದೆ. ಕ್ಷಾರದ ನೀರು ಕೇಳುವ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿದ್ದರೆ ಮರಕ್ಕಿಂತ ಕಲ್ಲೇ ಒಳ್ಳೆಯದು.

ತೇಲುವುದು ನಿಲ್ಲದಿದ್ದರೆ ಬೇಸರ ಬೇಡ. ಮರದ ನಾರಿನ ಗೋಡೆ ಯಾವ ಜಾತಿಯದಾದರೂ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ತೇಲಿಸುವುದು ಒಳಗಿನ ಗಾಳಿ. ಅದು ಹೋದರೆ ಎಂಥ ಮರವೂ ಮುಳುಗುತ್ತದೆ. ಕಾಯಲು ಆಗದಿದ್ದರೆ ಒಂದು ಸ್ಲೇಟ್ ಕಲ್ಲಿಗೆ ರಂಧ್ರ ಕೊರೆದು, ಕೆಳಗಿನಿಂದ ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಮರಕ್ಕೆ ಬಿಗಿಯಿರಿ. ಕಲ್ಲನ್ನು ಜಲ್ಲಿಯ ಅಡಿ ಹೂತರೆ ಕಾಣುವುದೇ ಇಲ್ಲ. ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ, ಬೇಡ. ಎರಡು ಗಾಜಿನ ನಡುವೆ ಮರವನ್ನು ಒತ್ತಿ ಸಿಕ್ಕಿಸುವುದಂತೂ ಕೂಡದು. ನೆನೆದ ಮರ ಅಡ್ಡಕ್ಕೆ ಉಬ್ಬುತ್ತದೆ. ಸಂಜೆ ಬಿಗಿಯಾಗಿ ಕೂತ ತುಂಡು ಕೆಲವೇ ದಿನಗಳಲ್ಲಿ ಗಾಜನ್ನೇ ಬಿರುಕು ಬಿಡಿಸಬಹುದು.

ಎರಡು ಬಕೆಟ್ ಪರೀಕ್ಷೆ

ಇದನ್ನು ಬಿಡಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ಒಂದೇ ಥರದ ಎರಡು ಬಕೆಟ್, ಎರಡಕ್ಕೂ ಕ್ಲೋರಿನ್ ತೆಗೆದ ಒಂದೇ ನೀರು. ಒಂದರಲ್ಲಿ ಮರ, ಇನ್ನೊಂದು ಖಾಲಿ. ಏಳು ದಿನ ಪಕ್ಕಪಕ್ಕ ಇಡಿ. ಮೊದಲ ದಿನ ಮತ್ತು ಕೊನೆಯ ದಿನ ಎರಡರದ್ದೂ ಪಿಎಚ್, ಅಮೋನಿಯಾ, ಟಿಡಿಎಸ್ ಅಳೆದು ಬರೆದಿಡಿ. ಖಾಲಿ ಬಕೆಟ್ ಯಾಕೆ ಅಂದರೆ, ನಲ್ಲಿ ನೀರಿನ ಪಿಎಚ್ ಸುಮ್ನೆ ಇಟ್ಟರೂ ಒಂದು ದಿನದಲ್ಲಿ ಬದಲಾಗಬಹುದು. ಅದನ್ನು ಮರದ ತಲೆಗೆ ಕಟ್ಟಬಾರದಲ್ಲ.

ಪಿಎಚ್ ಸ್ವಲ್ಪ ಇಳಿದು ನೀರು ತಿಳಿ ಕಂದಾಗಿದ್ದರೆ ಪಾಸು. ನೀರು ಮಬ್ಬಾಗಿದ್ದರೆ, ಅಮೋನಿಯಾ ತೋರಿಸಿದರೆ ಮರ ಇನ್ನೂ ಕೊಳೆಯುತ್ತಿದೆ. ಒಣಗಿಸಿ, ಮತ್ತೆ ಕೆತ್ತಿ, ಮೊದಲಿನಿಂದ ಶುರು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಾಡದೆ ಕೊಳೆತ ಭಾಗ ಇದೆ, ಅಂಥದ್ದನ್ನು ರಿಪೇರಿ ಮಾಡಲು ಹೋಗಬೇಡಿ.

ಈ ಪರೀಕ್ಷೆ ಎಲ್ಲ ವಿಷವನ್ನೂ ಹಿಡಿಯುವುದಿಲ್ಲ. ಕಣಗಿಲೆಯ ವಿಷಕ್ಕೆ ಮನೆಯ ಕಿಟ್ ಯಾವುದೂ ಬಣ್ಣ ತಿರುಗುವುದಿಲ್ಲ. ಅದಕ್ಕೇ ಮರದ ಆಯ್ಕೆ ಮೊದಲು ಅಂದದ್ದು.

ಟ್ಯಾಂಕಿನೊಳಗೆ

ಸಾಧ್ಯವಾದರೆ ಮೀನು ಬರುವ ಮೊದಲೇ, ಟ್ಯಾಂಕ್ ಸೈಕಲ್ ಆಗುತ್ತಿರುವಾಗಲೇ, ಅಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರುತ್ತಿರುವಾಗಲೇ ಮರ ಇಡಿ. ಗಾಜಿನಿಂದ ನಾಲ್ಕೈದು ಸೆಂಟಿಮೀಟರ್ ದೂರ ಇರಲಿ, ಇಲ್ಲದಿದ್ದರೆ ಪಾಚಿ ಕೆರೆಯುವಾಗ ಪ್ರತಿ ವಾರ ಶಪಿಸಿಕೊಳ್ಳುತ್ತೀರಿ. ಭಾರದ ತುಂಡಾದರೆ ತಳದ ಗಾಜಿಗೆ ನೇರ ತಾಗದ ಹಾಗೆ ಮೊದಲು ಜಲ್ಲಿ ಹರಡಿ. ವಾರ್ನಿಷ್, ಪಾಲಿಶ್ ಯಾವುದೂ ಬೇಡ. ಮೀನಿರುವ ಟ್ಯಾಂಕಾದರೆ ಒಂದೇ ಸಲ ಮೂರು ತುಂಡು ಇಳಿಸಬೇಡಿ. ಒಂದು ಇಳಿಸಿ, ವಾರ ನೋಡಿ, ಆಮೇಲೆ ಇನ್ನೊಂದು.

ಅನುಬಿಯಾಸ್, ಜಾವಾ ಫರ್ನ್, ಜಾವಾ ಮಾಸ್, ಈ ಮೂರೂ ನೀರಿನ ಗಿಡಗಳು ಮರದ ಮೇಲೆ ಚೆನ್ನಾಗಿ ಹಿಡಿಯುತ್ತವೆ. ಹತ್ತಿ ದಾರದಲ್ಲಿ ಕಟ್ಟಿದರೆ ದಾರ ಕರಗುವ ಹೊತ್ತಿಗೆ ಗಿಡ ಕಚ್ಚಿಕೊಂಡಿರುತ್ತದೆ.

ಇನ್ನು ಬಿಳಿ ಲೋಳೆ. ಹೊಸ ಮರ ಇಳಿಸಿದ ಮೂರನೇ ದಿನದಿಂದ ಹತ್ತನೇ ದಿನದೊಳಗೆ, ಹತ್ತಿಯನ್ನು ಹಿಂಜಿ ಅಂಟಿಸಿದ ಹಾಗೆ ಒಂದು ಪದರ ಬರುತ್ತದೆ. ಕೊಯ್ದ ತುದಿಗಳಲ್ಲಿ ಜಾಸ್ತಿ. ಇದನ್ನು ನೋಡಿ ಗಾಬರಿಯಾಗಿ ಒಳ್ಳೆ ಮರವನ್ನು ಎಸೆದವರು ಬಹಳ. ಮರದ ಮೇಲೆ ಉಳಿದ ಚೂರುಪಾರು ಸಕ್ಕರೆಯನ್ನು ತಿನ್ನುವ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ ಅದು. ತಿನ್ನುವುದು ಮುಗಿದ ಮೇಲೆ ತಾನಾಗೇ ಹೋಗುತ್ತದೆ, ಹೆಚ್ಚೆಂದರೆ ಕೆಲವು ವಾರ. ಸೀಗಡಿ, ಬಸವನಹುಳ, ಓಟೋಸಿಂಕ್ಲಸ್ ಮೀನು ಇದನ್ನು ಮುಗಿಬಿದ್ದು ತಿನ್ನುತ್ತವೆ. ನೋಡೋಕಾಗದಿದ್ದರೆ ನೀರು ಬದಲಿಸುವಾಗ ಪೈಪಿನಿಂದ ಎಳೆದುಬಿಡಿ. ನೀರು ಮಬ್ಬಾಗಿ, ಮೀನು ಮೇಲೆ ಬಂದು ಬಾಯಿ ಬಡಿದರೆ ಮಾತ್ರ ಅದು ಬೇರೆ ವಿಷಯ. ತಕ್ಷಣ ಮರ ಹೊರಗೆ, ಏರ್ ಪಂಪ್ ಪೂರ್ತಿ, ಅರ್ಧ ನೀರು ಬದಲು.

ಚೆನ್ನಾಗಿ ಸಿದ್ಧವಾದ ಚೇಗು ವರ್ಷಗಟ್ಟಲೆ ಬಾಳುತ್ತದೆ. ಮರ ಕೆರೆಯುವ ಬ್ರಿಸಲ್‌ನೋಸ್ ಪ್ಲೀಕೊ ಇದ್ದರೆ ಸ್ವಲ್ಪ ಬೇಗ ಸವೆಯುತ್ತದೆ, ತಳದಲ್ಲಿ ಮರದ ಪುಡಿ ಬಿದ್ದಿರುವುದು ಕಾಣುತ್ತದೆ. ಆರು ತಿಂಗಳಿಗೊಮ್ಮೆ ಟ್ಯಾಂಕ್ ಶುಚಿ ಮಾಡುವಾಗ ಜಲ್ಲಿಯೊಳಗೆ ಹೂತ ಭಾಗವನ್ನು ಎತ್ತಿ, ಅದೇ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಕೊಳೆಯುವುದು ಅಲ್ಲಿಂದಲೇ ಶುರುವಾಗುವುದು. ಕಪ್ಪಗಾಗಿ ಮೆತ್ತಗಿದ್ದರೆ ಅಷ್ಟನ್ನು ಕೊಯ್ದು, ಉಳಿದದ್ದನ್ನು ಒಂದು ಗಂಟೆ ಕುದಿಸಿ, ಆರಿದ ಮೇಲೆ ವಾಪಸ್ ಇಳಿಸಿ.